ಕರ್ತೃಪದವಿಲ್ಲದ ವಾಕ್ಯ

ಇಂತಹ ವಿಷಯವು ಸಾಹಿತ್ಯ ಪುರವಣಿಗೆ ತಕ್ಕುದಲ್ಲವೆಂದು ಕೆಲವು ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬಹುದು. ಕನ್ನಡದ ಮೇಷ್ಟರಾದ ನನಗಾದರೋ ಇದು ಮೊದಲು ಭಾಷೆಯ ವಿಷಯವಾಗಿಯೇ ಕಂಡಿದೆ.

2002ರಲ್ಲಿ ಹರಿಯಾಣದ ಸಿರ್ಸಾದ ಡೇರಾ ಸಚ್ಚಾ ಸೌದಾ ಆಶ್ರಮದ ಸಾಧ್ವಿಯೊಬ್ಬಳು ಅಂದಿನ ಪ್ರಧಾನಮಂತ್ರಿ ವಾಜಪೇಯಿಯವರಿಗೆ ಹೆಸರಿಲ್ಲದ ಪತ್ರವೊಂದನ್ನು ಬರೆದಳು. ಗುರು ಗುರ್ಮೀತ್ ರಾಮ್ ರಹೀಮನೇ ತನ್ನ ಮೇಲೂ ಇತರ ಸಾಧ್ವಿಯರ ಮೇಲೂ ಅತ್ಯಾಚಾರವೆಸಗಿದ್ದಾನೆಂಬುದು ಅದರ ಸಾರ. ಆ ಕೃತ್ಯಕ್ಕೆ ಆಶ್ರಮದ ಒಳಮಾತಿನಲ್ಲಿದ್ದ ಹೆಸರು ‘ಪಿತಾಜಿಯ ಮಾಫಿ’, ಅಂದರೆ ತಂದೆಯ ಕ್ಷಮೆ, ಎಂಬುದು ಮುಂದೆ ವಿಚಾರಣೆಯಲ್ಲಿ ಹೊರಬಿದ್ದಿತು.

ಕ್ಷಮೆ! ಭಕ್ತನು ಕೈಮುಗಿದು ಬೇಡುವ ಪದ. ಮನೆಮಂದಿಯೆಲ್ಲ ಅದೇ ಗುರುವಿನ ಶಿಷ್ಯರಾಗಿರುವಾಗ, ತನಗೊದಗಿದ ಹಿಂಸೆಗೆ ಅದೇ ಪದವನ್ನು ಅಂಟಿಸಿಬಿಟ್ಟರೆ, ಆ ಹುಡುಗಿ ದೂರುವುದಾದರೂ ಯಾವ ಮಾತಿನಲ್ಲಿ? ದೇಹಕ್ಕಾದ ಗಾಯದೊಡನೆ ಆಕೆಯ ನಿಘಂಟೂ ಅಪಹೃತವಾಗುತ್ತದೆ. ಶ್ರದ್ಧೆಯ ಆವರಣದಲ್ಲಿ ನಡೆಯುವ ಈ ಪಾತಕವು ಉಳಿದವುಗಳಿಗಿಂತ ಕ್ರೂರವಾಗುವುದು ಇಲ್ಲಿಯೇ ಎಂದು ನನ್ನ ಎಣಿಕೆ. ನೊಂದವಳು ಮೊರೆಯಿಡಬಹುದಾದ ದೇವರನ್ನೂ ಅದು ಕಸಿದುಕೊಳ್ಳುತ್ತದೆ.

ಹರಿಯಾಣ ದೂರವೆಂದು ನಾವು ನೆಮ್ಮದಿಪಡುವಂತಿಲ್ಲ. ನಮ್ಮ ನುಡಿಯನ್ನೇ ನೋಡಿ: ‘ಶೀಲಭಂಗವಾಯಿತು’, ‘ಮಾನ ಹೋಯಿತು’, ‘ಅವಳು ಕೆಟ್ಟಳು’. ಮೊದಲೆರಡರಲ್ಲಿ ಮಾಡಿದವನ ಸುಳಿವೇ ಇಲ್ಲ. ಮೂರನೆಯದರಲ್ಲಿ ಕರ್ತೃಸ್ಥಾನಕ್ಕೆ ನೊಂದವಳನ್ನೇ ತಂದು ಕೂರಿಸಿದ್ದೇವೆ. ಸಿರ್ಸಾದ ಆ ಪತ್ರವು ಹೆಸರಿಲ್ಲದ್ದಾದರೂ ಅದರ ವಾಕ್ಯಗಳಿಗೆ ಕರ್ತೃಪದವಿತ್ತು. ವ್ಯಾಕರಣ ಬೋಧಿಸುವವನಿಗೆ ಇದು ಸಣ್ಣ ಸಂಗತಿಯಾಗಿ ತೋರದು.

ಆ ಪತ್ರವನ್ನು ‘ಪೂರಾ ಸಚ್’ ಎಂಬ ಸಣ್ಣ ಪತ್ರಿಕೆಯಲ್ಲಿ ಅಚ್ಚುಮಾಡಿದ ರಾಮಚಂದ್ರ ಛತ್ರಪತಿಯವರು ಅದೇ ವರ್ಷದ ಅಕ್ಟೋಬರಿನಲ್ಲಿ ಗುಂಡೇಟಿಗೆ ಗುರಿಯಾಗಿ ನವೆಂಬರಿನಲ್ಲಿ ತೀರಿಕೊಂಡರು. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ತಾನಾಗಿಯೇ ಪತ್ರವನ್ನು ಕೈಗೆತ್ತಿಕೊಂಡು ಸಿ.ಬಿ.ಐ. ತನಿಖೆಗೆ ಆಜ್ಞಾಪಿಸಿತು. ಕೊನೆಗೆ ಸಾಕ್ಷಿಕಟ್ಟೆಯಲ್ಲಿ ನಿಂತು ನುಡಿದವರು ಇಬ್ಬರು ಸ್ತ್ರೀಯರು. 2017ರ ಆಗಸ್ಟ್ 25ರಂದು ಪಂಚಕುಲದ ವಿಶೇಷ ನ್ಯಾಯಾಲಯವು ಗುರುವನ್ನು ದೋಷಿಯೆಂದು ಸಾರಿತು. ಒಬ್ಬೊಬ್ಬಳ ವಿಷಯದಲ್ಲಿ 10 ವರ್ಷ, ಒಟ್ಟು 20 ವರ್ಷಗಳ ಸೆರೆ. ತೀರ್ಪಿನ ದಿನ ಭಕ್ತರ ದೊಂಬಿಯಲ್ಲಿ 30ಕ್ಕೂ ಹೆಚ್ಚು ಜನ ಮಡಿದರು. ಆ ಬಳಿಕ ಗುರುವು ಹಲವು ಬಾರಿ ಪೆರೋಲಿನ ಮೇಲೆ ಹೊರಬಂದಿದ್ದಾನೆ.

ಶಿಕ್ಷೆಯೊಂದರಿಂದಲೇ ಗಾಯ ಮಾಯುವುದೇ? ಅಮೆರಿಕೆಯ ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಗೆ ಮೂರು ಹಂತಗಳನ್ನು ಹೇಳುತ್ತಾರೆ: ಮೊದಲು ಸುರಕ್ಷಿತತೆ, ಬಳಿಕ ನೆನೆದು ಶೋಕಿಸುವುದು, ಕಡೆಗೆ ಜನರೊಡನೆ ಮರಳಿ ಕೂಡುವುದು. ಮಾತು ಎರಡನೆಯದು ಎಂಬುದನ್ನು ಗಮನಿಸಬೇಕು. ‘ಏಕೆ ಇಷ್ಟು ವರ್ಷ ಸುಮ್ಮನಿದ್ದೆ?’ ಎಂದು ಗದರಿಸುವವರು ಮೊದಲನೆಯ ಹಂತವನ್ನೇ ಅರಿಯರು.

ಅಧ್ಯಾಪಕ ಬಂಧುಗಳಿಗೆ ಒಂದು ಮಾತು. 2012ರ ಪೋಕ್ಸೋ ಕಾಯಿದೆಯಂತೆ, 18 ತುಂಬದ ಮಗುವಿನ ಮೇಲೆ ಇಂತಹ ಅಪರಾಧ ನಡೆದುದು ತಿಳಿದೂ ವರದಿ ಮಾಡದಿರುವುದು ಶಿಕ್ಷಾರ್ಹ. ಮಠವಾಗಲಿ, ಚರ್ಚಾಗಲಿ, ಮದರಸಾ ಆಗಲಿ, ವಿನಾಯಿತಿಯಿಲ್ಲ. ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೂ ಬಾಗಿಲ ಬಳಿ ತಡೆದು ನಿಂತರೆ, ಹಾಜರಿ ಪುಸ್ತಕವನ್ನು ಮಡಚಿಟ್ಟು ಕುಳಿತುಕೊಳ್ಳಿ. ಅವಳು ಹೇಳುವಷ್ಟನ್ನು ಹೇಳಲಿ; ಪದ ತಡವರಿಸಿದರೆ ನೀವು ತುಂಬಿಕೊಡಬೇಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.