ಕಣ್ಣಳತೆಯ ಪಂಡಿತರಿಗೆ

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಶುರುವಾಯಿತೆಂದರೆ ಅಂಕಿಅಂಶದವರಿಗೆ ಬೈಗುಳವೂ ಶುರು. ಮೈದಾನಕ್ಕೆ ಕಾಲಿಡದವರು ಕಂಪ್ಯೂಟರಿನ ಮುಂದೆ ಕೂತು ತಂಡಗಳಿಗೆ ದರ್ಜೆ ಕೊಡುತ್ತಾರೆ, ಕೋಚ್‌ಗಳ ಜಾತಕ ಬರೆಯುತ್ತಾರೆ ಎಂಬುದು ಟಿ.ವಿ. ಪಂಡಿತರ ದೂರು. ಮಕ್ಕಳನ್ನು ಅಲ್ಲಿ ಓದಲು ಕಳಿಸಿದ ನಮ್ಮವರೂ ಈಗ ಅದನ್ನೇ ಒಪ್ಪಿಸುತ್ತಾರೆ. ಈ ದೂರುಗಳಲ್ಲಿ ಕೆಲವು ಗಟ್ಟಿ, ಕೆಲವು ಜೊಳ್ಳು. ಮೊದಲು ಜೊಳ್ಳನ್ನು ತೂರೋಣ.

‘ಎಷ್ಟು ಗೆದ್ದರು, ಎಷ್ಟು ಸೋತರು, ಅಷ್ಟು ಸಾಕು’ ಎನ್ನುತ್ತಾರೆ. ಸಾಲದು. ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ; ಒಂದೊಂದೂ ನಿಯಮಿತ ಋತುವಿನಲ್ಲಿ ಆಡುವುದು 12 ಪಂದ್ಯ. ಬಹುಪಾಲು ತಂಡಗಳು ಪರಸ್ಪರ ಮುಖವನ್ನೇ ನೋಡುವುದಿಲ್ಲ. ಹೀಗಿರುವಾಗ ಒಬ್ಬರ 9-3 ಇನ್ನೊಬ್ಬರ 9-3ಕ್ಕೆ ಸಮ ಎನ್ನುವುದು ಹೇಗೆ? ಕೋಚ್ ಜೀನ್ ಚಿಜಿಕ್ ಅಯೋವಾ ಸ್ಟೇಟ್‌ನಲ್ಲಿ ಐದು ಗೆದ್ದು ಹತ್ತೊಂಬತ್ತು ಸೋತು ಆಬರ್ನ್‌ಗೆ ಬಂದರು. 2010ರಲ್ಲಿ ಕ್ಯಾಮ್ ನ್ಯೂಟನ್ ಎಂಬ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸುವ ಆಟಗಾರ, ಸಿಕ್ಕಿದ. 14-0, ರಾಷ್ಟ್ರೀಯ ಚಾಂಪಿಯನ್. ನ್ಯೂಟನ್ ಹೋದ ಮೇಲೆ 2012ರಲ್ಲಿ 3-9, ಕೆಲಸವೂ ಹೋಯಿತು. ಗೆಲುವಿನ ಪಟ್ಟಿಯೊಂದನ್ನೇ ಹಿಡಿದರೆ ಈ ಮನುಷ್ಯ ಒಮ್ಮೆ ದಡ್ಡ, ಒಮ್ಮೆ ಮಹಾಮೇಧಾವಿ, ಮತ್ತೊಮ್ಮೆ ದಡ್ಡ. ಟೆಕ್ಸಸ್ ಎ ಅಂಡ್ ಎಂನವರು ಹೀಗೆ ಎಣಿಸಿದ್ದರ ಬೆಲೆ ಇನ್ನೂ ದೊಡ್ಡದು. ಕೊರೊನಾದಿಂದ ಮೊಟಕಾದ 2020ರ ಋತುವಿನಲ್ಲಿ 9-1 ಬಂತೆಂದು ಮರುವರ್ಷ ಕೋಚ್ ಜಿಂಬೊ ಫಿಷರ್‌ಗೆ 2031ರವರೆಗೆ ಒಪ್ಪಂದ ಬರೆದುಕೊಟ್ಟರು. 2023ರ ನವೆಂಬರಿನಲ್ಲಿ ಅವರನ್ನು ತೆಗೆಯಲು ತೆರಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರಿಗೂ ಹೆಚ್ಚು.

‘ಕಂಪ್ಯೂಟರುಗಳ ಕೈಗೆ ಕೊಟ್ಟು ನೋಡಿಯಾಯಿತು, ಬಿಸಿಎಸ್ ಕಾಲದಲ್ಲಿ ಮಾನ ಹೋಯಿತು’ ಎಂಬುದು ಎರಡನೆಯ ದೂರು. ಅಂತಿಮ ಪಂದ್ಯಕ್ಕೆ ಎರಡು ತಂಡಗಳನ್ನು ಮತಗಳಿಂದಲೂ ಕಂಪ್ಯೂಟರ್ ಪಟ್ಟಿಗಳಿಂದಲೂ ಆರಿಸಲು 1998ರಿಂದ 2013ರವರೆಗೆ ನಡೆದ ಪದ್ಧತಿಯದು. 2003ರಲ್ಲಿ ಪತ್ರಕರ್ತರೂ ಕೋಚ್‌ಗಳೂ ಮೊದಲ ಸ್ಥಾನ ಕೊಟ್ಟ ಯುಎಸ್‌ಸಿ ತಂಡ ಅಂತಿಮ ಪಂದ್ಯಕ್ಕೇ ಬರಲಿಲ್ಲ. ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ 35-7ರಿಂದ ಮಣ್ಣುಮುಕ್ಕಿದ್ದ ಓಕ್ಲಹೋಮ ಬಂತು. ನಾಚಿಕೆಗೇಡು, ಒಪ್ಪುತ್ತೇನೆ. ಆದರೆ ಆ ಕಂಪ್ಯೂಟರುಗಳ ಕೈ ಕಟ್ಟಿದ್ದವರು ಯಾರು? ಎಷ್ಟು ಅಂತರದಿಂದ ಗೆದ್ದರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಕೂಡದೆಂದು 2002ರಲ್ಲೇ ಅಪ್ಪಣೆಯಾಗಿತ್ತು. ಬಡತಂಡಗಳ ಮೇಲೆ ಸುಮ್ಮನೆ ಅಂಕ ಪೇರಿಸುವರೆಂಬ ಭಯ. ಆ ಭಯಕ್ಕೆ ಕಾರಣವಿಲ್ಲದಿಲ್ಲ: 1916ರಲ್ಲಿ ಜಾನ್ ಹೈಸ್‌ಮನ್‌ರ ಜಾರ್ಜಿಯಾ ಟೆಕ್ ತಂಡ ಕಂಬರ್‌ಲ್ಯಾಂಡ್ ಕಾಲೇಜನ್ನು 222-0ರಿಂದ ಬಡಿದದ್ದು, ಅಂಕಗಳ ಮೊತ್ತ ನೋಡಿ ಮರುಳಾಗುವ ಪತ್ರಿಕೆಯವರನ್ನು ಅಣಕಿಸಲೆಂದೇ ಎಂಬ ಮಾತಿದೆ. ಆದರೂ ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಒಂದಂಕದ ಗೆಲುವೂ ನಲವತ್ತಂಕದ ಗೆಲುವೂ ಒಂದೇ ಎಂದು ನಟಿಸುವ ಲೆಕ್ಕ ಎಡವದೆ ಇನ್ನೇನು?

ಇನ್ನು ಕಣ್ಣಳತೆ. ‘ಆಟ ಬಲ್ಲವರು ನೋಡಿದರೆ ಸಾಕು, ತಂಡದ ತೂಕ ತಿಳಿಯುತ್ತದೆ.’ ಚಾಂಪಿಯನ್ ಪಟ್ಟಕ್ಕೆ ಸೆಣಸುವ ತಂಡಗಳನ್ನು ಆರಿಸಲು 2014ರಿಂದ ಹದಿಮೂರು ಜನರ ಸಮಿತಿ ಅದನ್ನೇ ಮಾಡುತ್ತಿದೆ. ಮೊದಲ ವರ್ಷವೇ ಓಹಾಯೊ ಸ್ಟೇಟ್ ಮೂರನೆಯ ಕ್ವಾರ್ಟರ್‌ಬ್ಯಾಕನ್ನು ಆಡಿಸುತ್ತಿದ್ದರೂ ಸಮಿತಿ ಅದಕ್ಕೆ ನಾಲ್ಕನೆಯ ಸ್ಥಾನ ಕೊಟ್ಟಿತು. ಆ ತಂಡವೇ ಚಾಂಪಿಯನ್ ಆಯಿತು. 2023ರಲ್ಲಿ ಫ್ಲೋರಿಡಾ ಸ್ಟೇಟ್ 13-0. ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದನೆಂದು ಅದನ್ನು ಹೊರಗಿಟ್ಟರು. ಎರಡರಲ್ಲಿ ಯಾವುದು ಸರಿ ಎಂಬ ಜಗಳ ನನಗೆ ಬೇಡ. ಎರಡಕ್ಕೂ ಅನ್ವಯಿಸುವ ನಿಯಮ ಎಲ್ಲಿದೆ, ತೋರಿಸಿ.

ಕಂಪ್ಯೂಟರುಗಳೂ ತಪ್ಪುತ್ತವೆ. 2010ರಲ್ಲಿ ಬಿಸಿಎಸ್‌ನ ಆರು ಕಂಪ್ಯೂಟರ್ ಪಟ್ಟಿಗಳಲ್ಲಿ ಒಂದಾದ ವೆಸ್ ಕಾಲಿಯವರದರಲ್ಲಿ ಕೆಳದರ್ಜೆಯ ಒಂದು ಪಂದ್ಯದ ಫಲಿತಾಂಶ ಬಿಟ್ಟುಹೋಗಿತ್ತು. ಹೊರಗಿನವರೊಬ್ಬರು ಕೂತು ಲೆಕ್ಕ ಹಾಕಿ ತಪ್ಪು ಹಿಡಿದರು. ತಿದ್ದಿದಾಗ ಬಾಯ್ಸಿ ಸ್ಟೇಟ್ ಹತ್ತಕ್ಕೇರಿ ಎಲ್‌ಎಸ್‌ಯು ಹನ್ನೊಂದಕ್ಕಿಳಿಯಿತು. ಹಿಡಿಯಲು ಸಾಧ್ಯವಾದದ್ದು ಕಾಲಿ ತಮ್ಮ ಸೂತ್ರವನ್ನು ಬಹಿರಂಗವಾಗಿ ಬರೆದಿಟ್ಟಿದ್ದರಿಂದ. ಉಳಿದವರು ಮುಚ್ಚಿಟ್ಟಿದ್ದರು, ಅದು ಅವರ ದೋಷ. ಆದರೆ ಸಮಿತಿಯ ಕಣ್ಣಿನಲ್ಲಾದ ತಪ್ಪನ್ನು ಹಿಡಿಯುವುದು ಯಾರು, ಎಲ್ಲಿ?

ಎದುರಾಳಿಗಳ ಬತ್ತಳಿಕೆಯಲ್ಲಿರುವ ನಿಜವಾದ ಬಾಣ ನೆಬ್ರಾಸ್ಕದ ಕೋಚ್ ಆಗಿದ್ದ ಸ್ಕಾಟ್ ಫ್ರಾಸ್ಟ್. 2021ರಲ್ಲಿ ಅವರ ತಂಡ ಮೂರು ಗೆದ್ದು ಒಂಬತ್ತು ಸೋತಿತು. ಆದರೂ ಒಟ್ಟು ಅಂಕಗಳಲ್ಲಿ ಎದುರಾಳಿಗಳಿಗಿಂತ 63 ಮುಂದೆ! ‘ನೋಡಿ, ಅಂಕಿಅಂಶದವರು ಇವನನ್ನು ದುರದೃಷ್ಟವಂತ ಎಂದರು, ವಿಶ್ವವಿದ್ಯಾಲಯ ಇನ್ನೊಂದು ಅವಕಾಶ ಕೊಟ್ಟಿತು, 2022ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾ ಸದರ್ನ್ ಕೈಯಲ್ಲಿ 45-42ರಿಂದ ಸೋತು ಮನೆಗೆ ಹೋದ’ ಎನ್ನುತ್ತಾರೆ. ಆ 63ನ್ನು ಬಿಡಿಸಿ ನೋಡೋಣ. ಮೂರು ಗೆಲುವುಗಳಿಂದ ಬಂದ ಅಂತರ 119. ಒಂಬತ್ತು ಸೋಲುಗಳಲ್ಲಿ ಹೋದದ್ದು ಬರೀ 56, ಯಾವುದೂ ಒಂಬತ್ತಂಕ ಮೀರಿಲ್ಲ. ಅಂದರೆ ತಂಡ 3-9ಕ್ಕಿಂತ ಚೆನ್ನಾಗಿತ್ತೆಂಬುದು ನಿಜ, ಫೋರ್ಡಮ್, ಬಫಲೊಗಳಂಥ ದುರ್ಬಲರ ಮೇಲೆ ಪೇರಿಸಿದ ಅಂಕಗಳು ಅದನ್ನು ಇನ್ನೂ ಚೆನ್ನಾಗಿ ಕಾಣಿಸಿದವೆಂಬುದೂ ನಿಜ.

ಇನ್ನೊಂದು ಅಂಕಿಯೂ ಕಣ್ಣೆದುರೇ ಇತ್ತು. ಫ್ರಾಸ್ಟ್ ಅವಧಿಯಲ್ಲಿ ಎಂಟಂಕದೊಳಗೆ ಮುಗಿದ ಪಂದ್ಯಗಳು ಒಟ್ಟು 27. ಗೆದ್ದದ್ದು 5, ಸೋತದ್ದು 22. ಇಂಥ ಪಂದ್ಯಗಳು ಬರೀ ನಾಣ್ಯದ ಆಟವಾಗಿದ್ದರೆ 27ರಲ್ಲಿ ಐದೋ ಅದಕ್ಕಿಂತ ಕಡಿಮೆಯೋ ಬೀಳುವ ಸಂಭವ ಸಾವಿರಕ್ಕೆ ಒಂದೂ ಇಲ್ಲ. ದುರದೃಷ್ಟ ಎಂಬ ವಾದವನ್ನು ಹೊಡೆದುರುಳಿಸುವುದೂ ಅಂಕಿಅಂಶವೇ. ಮೊದಲನೆಯ ಸಂಖ್ಯೆಗೆ ನಿಂತು ಎರಡನೆಯದಕ್ಕೆ ಹೋಗದವರು ಲೆಕ್ಕವನ್ನು ಅರ್ಧಕ್ಕೇ ಬಿಟ್ಟರು. ಫ್ರಾಸ್ಟ್‌ರನ್ನು ತೆಗೆಯಲು ಅಕ್ಟೋಬರ್ 1ರವರೆಗೆ ತಡೆದಿದ್ದರೆ ಕೊಡಬೇಕಾದ ಪರಿಹಾರ ಸುಮಾರು 75 ಲಕ್ಷ ಡಾಲರಿಗೆ ಇಳಿಯುತ್ತಿತ್ತು. ಅಷ್ಟೂ ತಾಳ್ಮೆಯಿಲ್ಲದೆ ಒಂದೂವರೆ ಕೋಟಿಗೆ ಒಪ್ಪಿದ್ದಂತೂ ಯಾವ ಕಂಪ್ಯೂಟರಿನ ಸಲಹೆಯೂ ಅಲ್ಲ.

ಕೆವಿನ್ ಕೆಲಿಯ ಹೆಸರನ್ನೂ ಎಳೆಯುತ್ತಾರೆ. ಅಂಕಿಅಂಶ ನಂಬಿ, ಕೊನೆಯ ಯತ್ನವಾದ ನಾಲ್ಕನೆಯ ಡೌನ್‌ನಲ್ಲಿ ಚೆಂಡನ್ನು ಎದುರಾಳಿಗೆ ಒದ್ದು ಕೊಡುವುದೇ ಇಲ್ಲ ಎಂದು ಹಟ ಹಿಡಿದ ಆರ್ಕನ್ಸಾ ಶಾಲೆಯ ಕೋಚ್. 2021ರಲ್ಲಿ ಪ್ರೆಸ್ಬಿಟೇರಿಯನ್ ಕಾಲೇಜಿಗೆ ಬಂದು 2-9 ಆಡಿ ಬಿಟ್ಟುಹೋದರು. ಒಂದು ಸಣ್ಣ ಕಾಲೇಜಿನ ಒಂದು ಋತುವಿನಿಂದ ವಾದ ಗೆಲ್ಲುವುದಾದರೆ, ಸ್ವಲ್ಪವೇ ಮಾಹಿತಿಯಿಂದ ತೀರ್ಪು ಕೊಡುವವರು ಯಾರೆಂದು ಓದುಗರೇ ಹೇಳಲಿ.

ದಾರಿ ತಪ್ಪಿಸುವ ಅಂಕಿಗಳಿಲ್ಲವೇ? ಧಾರಾಳವಾಗಿವೆ, ಅವನ್ನು ಹೆಚ್ಚಾಗಿ ಬಳಸುವವರು ಟಿ.ವಿ. ಪಂಡಿತರೇ. ಪಂದ್ಯಕ್ಕೆ ಇಷ್ಟು ಗಜ ಎಂಬ ಮೊತ್ತದಲ್ಲಿ ತಂಡದ ವೇಗವೂ ಗುಣವೂ ಕಲಸಿಹೋಗಿರುತ್ತವೆ. ಕ್ವಾರ್ಟರ್‌ಬ್ಯಾಕನ್ನು ಕೆಡವಿದಾಗ ಕಳೆದ ಗಜಗಳನ್ನು ಕಾಲೇಜು ಆಟದಲ್ಲಿ ಓಟದ ಲೆಕ್ಕದಿಂದ ಕಳೆಯುತ್ತಾರೆ, ಎಸೆತದ ಲೆಕ್ಕದಿಂದಲ್ಲ. ಅದನ್ನೇ ಓದಿ ‘ಇವರ ಓಟ ದುರ್ಬಲ’ ಎನ್ನುತ್ತಾರೆ. ಮೊದಲ ಡೌನ್‌ನಲ್ಲಿ ಬೇಕಾದ ಗಜಗಳ ಅರ್ಧ, ಎರಡನೆಯದರಲ್ಲಿ ಶೇ 70, ಆಮೇಲೆ ಪೂರ್ತಿ ಸಿಕ್ಕಿತೇ ಎಂದು ಪ್ರತಿ ಆಟವನ್ನೂ ಅಳೆಯುವ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು.

ಕೊನೆಗೆ, ‘ಆ ಒಂದು ಪಂದ್ಯ ಗೆಲ್ಲದವನು ಕೋಚೇ ಅಲ್ಲ’ ಎನ್ನುವ ಓಹಾಯೊದವರಿಗೆ. ಓಹಾಯೊ ಸ್ಟೇಟ್‌ನ ಕೋಚ್ ರಯಾನ್ ಡೇ 2024ರ ನವೆಂಬರ್ 30ರಂದು ಮಿಷಿಗನ್‌ಗೆ 13-10ರಿಂದ ಸೋತರು, ಸತತ ನಾಲ್ಕನೆಯ ಬಾರಿ. ತೆಗೆಯಿರಿ ಎಂಬ ಕೂಗೆದ್ದಿತು. ಆ ದಿನ ಅವರ ಒಟ್ಟು ದಾಖಲೆ 66 ಗೆಲುವು, 10 ಸೋಲು. ವಿಶ್ವವಿದ್ಯಾಲಯ ಕೂಗಿಗೆ ಕಿವಿಗೊಡಲಿಲ್ಲ. 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನಾಟರ್ ಡೇಮನ್ನು 34-23ರಿಂದ ಸೋಲಿಸಿ ಓಹಾಯೊ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್ ಆಯಿತು.