ಪುಸ್ತಕದ ಬಾಗಿಲಲ್ಲಿ ಊರು ಕೇಳುವುದೇಕೆ?

ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಪ್ರಕಟವಾದದ್ದು 1907ರಲ್ಲಿ, ಅವರು ತೀರಿಕೊಂಡದ್ದು 1936ರಲ್ಲಿ. ನಮ್ಮ ಕಾನೂನಿನಂತೆ ಲೇಖಕರ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಹಾಗಾಗಿ 1997ರ ಜನವರಿ 1ರಿಂದ ಆ ಗ್ರಂಥ ಸರ್ವರ ಸೊತ್ತು. ಅಮೆರಿಕದ ಲೆಕ್ಕದಲ್ಲಂತೂ ಅದು ಎಂದೋ ಮುಕ್ತವಾಗಿದೆ.

ಹೀಗೆ ಎರಡೂ ದೇಶಗಳಲ್ಲಿ ಮುಕ್ತವಾಗಿರುವ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಮ್ಮ ನಾಡಿನಲ್ಲೇ ಅಚ್ಚಾದ ಪುಸ್ತಕಗಳು ಅಮೆರಿಕದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿವೆ. ಆ ಗ್ರಂಥಾಲಯಗಳು ಕೂಡಿ 2008ರಲ್ಲಿ ಆರಂಭಿಸಿದ ಅಂತರ್ಜಾಲ ಗ್ರಂಥಭಂಡಾರದ ಹೆಸರು ಹಾಥಿಟ್ರಸ್ಟ್. (ಹೆಸರಿನಲ್ಲಿರುವ ಆನೆಯಾದರೂ ನಮ್ಮ ದೇಶದ್ದು!) ಅಲ್ಲಿ ಇಂಥ ಎಷ್ಟೋ ಪುಸ್ತಕಗಳ ಪುಟಗಳು ಅಮೆರಿಕದಲ್ಲಿರುವವರಿಗೆ ತೆರೆಯುತ್ತವೆ. ಜಯನಗರದಲ್ಲಿ ಕುಳಿತವರಿಗೆ ದೊರೆಯುವುದು, ಹುಡುಕಿದ ಪದ ಎಷ್ಟನೆಯ ಪುಟದಲ್ಲಿದೆ ಎಂಬ ಮಾಹಿತಿಯಷ್ಟೇ. ಊಟವಿಲ್ಲ, ಎಲೆಯ ಲೆಕ್ಕ ಮಾತ್ರ.

ಇದನ್ನು ನಿರ್ಧರಿಸುವುದು ನಮ್ಮ ಗಣಕಯಂತ್ರವು ಬಳಸುವ ಜಾಲದ ಐ.ಪಿ. ವಿಳಾಸ. ಈ ಸಂಖ್ಯೆಗಳನ್ನು ಪ್ರದೇಶವಾರು ಹಂಚಿರುವುದರಿಂದ, ಪಟ್ಟಿ ನೋಡಿ ದೇಶವನ್ನು ಊಹಿಸಬಹುದು. ಆದರೆ ಆ ಸಂಖ್ಯೆ ತಿಳಿಸುವುದು ಜಾಲವನ್ನೇ ಹೊರತು ಮನುಷ್ಯನನ್ನಲ್ಲ. ಜೆ.ಪಿ. ನಗರದ ಮನೆಯಿಂದಲೇ ಅಮೆರಿಕದ ಕಂಪನಿಯ ಜಾಲದ ಮೂಲಕ ಹೋಗುವ ಎಂಜಿನಿಯರ್ ಆ ಪಟ್ಟಿಗೆ ಅಮೆರಿಕದವನೇ. ಪಕ್ಕದ ಕೋಣೆಯಲ್ಲಿರುವ ಅವನ ತಂದೆ ಮಾತ್ರ ಪರದೇಶಿ.

ಗ್ರಂಥಪಾಲಕರಲ್ಲಿ ದುರುದ್ದೇಶವಿದೆಯೆಂದು ನಾನು ಭಾವಿಸುವುದಿಲ್ಲ. ಲಕ್ಷಾಂತರ ಪುಸ್ತಕಗಳ ಲೇಖಕರು ಯಾವಾಗ ತೀರಿಕೊಂಡರೆಂದು ಒಂದೊಂದಾಗಿ ಹುಡುಕುವುದು ಸುಲಭವಲ್ಲ. ಕೋರ್ಟಿನ ಭಯವೂ ಸುಳ್ಳಲ್ಲ. ಹದಿನೆಂಟು ಪುಸ್ತಕಗಳ ಕುರಿತು ಜರ್ಮನಿಯ ನ್ಯಾಯಾಲಯವೊಂದು ನೀಡಿದ ತೀರ್ಪಿನಿಂದಾಗಿ ಪ್ರಾಜೆಕ್ಟ್ ಗುಟೆನ್‌ಬರ್ಗ್ 2018ರಲ್ಲಿ ಇಡೀ ಜರ್ಮನಿಗೆ ತನ್ನ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2021ರಲ್ಲಿ. ಆದರೂ ಸಾವಿರಾರು ಮೈಲಿ ದೂರದ ಗ್ರಂಥಾಲಯವೊಂದರ ಎಚ್ಚರಿಕೆಯ ನಿಯಮವು, ನಮ್ಮ ಕಾನೂನು ನಮಗೆ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳುವುದು ಸರಿಯೆನಿಸುವುದಿಲ್ಲ. ಕೇಳಬೇಕಾದ ಪ್ರಶ್ನೆ ಪುಸ್ತಕದ ಆಯುಷ್ಯದ್ದು, ಓದುಗನ ಊರಿನದಲ್ಲ.

ವಿ.ಪಿ.ಎನ್. ಹಾಕಿಕೊಂಡರೆ ಎಲ್ಲವೂ ತೆರೆಯುತ್ತದೆ ಸಾರ್ ಎಂದು ನಿಮ್ಮಲ್ಲಿ ಕೆಲವರು ಹೇಳಿದಿರಿ. ತೆರೆಯಬಹುದು. ಆದರೆ ಕಾನೂನುಬದ್ಧವಾಗಿಯೇ ನಮ್ಮದಾದ ಪುಸ್ತಕಕ್ಕೆ ಹಿತ್ತಲ ಬಾಗಿಲಿನಿಂದ ಹೋಗಲು ನನಗೆ ಮನಸ್ಸಿಲ್ಲ.

ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಮುಂದಾಳತ್ವ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸಾವಿರಾರು ಕನ್ನಡ ಪುಸ್ತಕಗಳು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರ ಊರನ್ನೂ ಕೇಳದೆ ತೆರೆದುಕೊಳ್ಳುತ್ತವೆ. ಪುಟಗಳು ಅಲ್ಲಲ್ಲಿ ಓರೆಯಾಗಿವೆ, ಕೆಲವು ಕಾಣೆಯಾಗಿವೆ. ಆದರೂ ನನ್ನ ಎಷ್ಟೋ ಮಧ್ಯಾಹ್ನಗಳು ಅವುಗಳಿಂದ ತುಂಬಿವೆ. ಅಲ್ಲಿಲ್ಲದ ಹಳೆಯ ಕನ್ನಡ ಪುಸ್ತಕ ಹಾಥಿಟ್ರಸ್ಟಿನಲ್ಲಿ ನಿಮಗೆ ಕಂಡರೆ, ಅದನ್ನು ಇಳಿಸಿ ನನಗೆ ಕಳುಹಿಸುವುದು ಬೇಡ. ಲೇಖಕರು ತೀರಿಕೊಂಡ ವರ್ಷವನ್ನು ಆಧಾರಸಹಿತ ಬರೆದು, ಮರುಪರಿಶೀಲಿಸುವಂತೆ ಅವರನ್ನೇ ಕೇಳಿ. ವರ್ಷ ಹುಡುಕುವ ಕೆಲಸವನ್ನು ನನಗೆ ವಹಿಸಿ. ನಿವೃತ್ತನಿಗೆ ಹೊತ್ತಿಗೇನು ಬರ?