ಇಸಿಜಿ ಚೀಟಿ ಗಾದಿ ಬುಡಕ ಇಡೂದಲ್ಲ

"ಡಾಕ್ಟರು ನಾರ್ಮಲ್ ಅಂದ್ರು" ಅಂತ ಹೇಳಿ ಇಸಿಜಿ ಚೀಟಿ ಸುತ್ತಿ ಗಾದಿ ಬುಡಕ ತುರುಕೋ ಚಾಳಿ ನಮ್ಮ ಮನ್ಯಾಗಿಂದ ಹೋಗಬೇಕು. ಬಿಚ್ಚಿ ನೋಡಿದ್ರ "ಅದರಾಗ ನಿನಗೇನ್ ತಿಳೀತದ, ಒಲಿ ಮ್ಯಾಲಿನ ಸಾರು ನೋಡು" ಅಂತಾರ ಗಂಡಸರು. ಗಂಡಸರನ್ನಷ್ಟ ಯಾಕ ಅನ್ನೂದು, ನಮ್ಮ ಅತ್ತೀಗೋಳೂ ವೈನಿಗೋಳೂ ಅದನ್ನ ಅಂತಾರ. ಈ ಮಾತು ನಾ ಒಪ್ಪೂದಿಲ್ಲ.

ಕಸೂತಿ ಹಾಕೋ ಹೆಣ್ಮಕ್ಕಳು ನಾವು. ಇಳಕಲ್ ಸೀರಿ ಮ್ಯಾಲೆ ಒಂದು ಗೆರಿ ಬರಕೊಳ್ಳದ, ಬರೇ ಎಳಿ ಎಣಿಸಿ ಗೋಪುರ, ಅಂಬಾರಿ ಆನಿ ಎಬ್ಬಸ್ತೀವಿ. ಒಂದು ಎಳಿ ತಪ್ಪಿದ್ರ ದೂರದಿಂದನ ಕಣ್ಣಿಗೆ ಚುಚ್ಚತದ. ಅಂಥಾ ಕಣ್ಣಿಗೆ ಚೌಕಳಿ ಕಾಗದ ಯಾವ ಲೆಕ್ಕ?

ಆ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ಓಡ್ತದ. ಸಣ್ಣ ಚೌಕ ಅಂದ್ರ 0.04 ಸೆಕೆಂಡು, ದೊಡ್ಡ ಚೌಕ 0.2. ನಿಮಿಷಕ್ಕ 300 ದೊಡ್ಡ ಚೌಕ ಆದೂವು. ಒಂದು ಚೂಪು ಗೋಪುರದಿಂದ ಮುಂದಿನದಕ್ಕ 4 ಚೌಕ ಇದ್ರ, 300ಕ್ಕ 4ರಿಂದ ಭಾಗಾಕಾರ, 75 ಬಡಿತ. 6 ಇದ್ರ 50. ನಾಕನೇ ಇಯತ್ತೆ ಲೆಕ್ಕ ಇದು.

ತಾಳ ನೋಡೂದು ಇನ್ನೂ ಹಗುರ. ಕೆಳಗಿನ ಉದ್ದನ್ನ ಪಟ್ಟಿ ಮ್ಯಾಲೆ ಒಂದು ಕಾಗದದ ಅಂಚು ಇಟ್ಟು ಮೂರು ಗೋಪುರಕ್ಕ ಪೆನ್ಸಿಲ್ ಗುರ್ತು ಹಾಕ್ರಿ, ಮುಂದ ಸರಸ್ರಿ. ಗುರ್ತು ಕೂಡಿದ್ರ ತಾಳ ಸಮ ಅದ. (ಸಣ್ಣ ಹುಡುಗ್ರದು ಉಸಿರಿನ ಜೋಡಿ ಒಂಚೂರು ಹಿಂದ ಮುಂದ ಆಗ್ತದ, ಅದಕ್ಕ ಗಾಬರಿ ಬ್ಯಾಡ.) ಪ್ರತಿ ಗೋಪುರದ ಮುಂದ ಪಿ ಅಲೆ ಅನ್ನೋ ಸಣ್ಣ ಉಬ್ಬು ಇರಬೇಕು, ಹೃದಯದ ಮ್ಯಾಲಿನ ಕೋಣಿ ಕೆಲಸಕ್ಕ ಹತ್ತಿದ ಗುರ್ತು ಅದು. ಉಬ್ಬ ಇಲ್ಲ, ಗೆರಿ ನಡಗ್ತದ, ಗೋಪುರ ಮನಸ್ಸಿಗೆ ಬಂದಂಗ ಬಿದ್ದಾವ ಅಂದ್ರ ಆಟ್ರಿಯಲ್ ಫಿಬ್ರಿಲೇಶನ್ ಸಂಶಯ. ಆ ಕೋಣ್ಯಾಗ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋದ್ರ ಲಕ್ವಾ. ಈ ಅಪಾಯ ಉಳದವ್ರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಅದೂ ಬಂದು ಹೋಗಿ ಮಾಡೋ ರೋಗ, ಚೀಟಿಯೊಳಗ ಇರೂದು ಬರೇ ಹತ್ತು ಸೆಕೆಂಡಿನ ಚಿತ್ರ! ಅದಕ್ಕ ಹಳೇವು ಹೊಸಾವು ಜೋಡಿಸಿ ನೋಡಬೇಕು ಅನ್ನೂದು.

"ಅರ್ಧಾ ಕಲತವ್ರು ಡಾಕ್ಟರ್ ಆಗಿ ಕೂಡ್ತಾರ" ಅಂತ ನಗಬ್ಯಾಡ್ರಿ. ಗುಳಗಿ ಬರಕೊಡ್ರಿ ಅಂತ ನಾ ಹೇಳಿಲ್ಲ. "ಸರ್, ಇಲ್ಲಿ ತಾಳ ಯಾಕ ತಪ್ಪೇದ?" ಅಂತ ಕೇಳಾಕ ಬರಬೇಕು, ಅಷ್ಟ. ಚೀಟಿ ಛಂದ ಅದ ಅಂತ ಎದಿನೋವು ಇದ್ರೂ ಮನ್ಯಾಗ ಕೂಡೂದೂ ತಪ್ಪು. ಹಾರ್ಟ್ ಅಟ್ಯಾಕ್ ಶುರುವಾದಾಗ ಇಸಿಜಿ ನೆಟ್ಟಗ ಇರಬಹುದು. ನಮ್ಮಂಥಾ ಹೆಂಗಸರಿಗೆ ಗದ್ದ, ಬೆನ್ನು ನೋವು, ದಮ್ಮು, ಸುಸ್ತು ಅಂತನೂ ಬರ್ತದ. ಅದಕ್ಕ ಗ್ಯಾಸ್ ಅಂತ ಹೆಸರಿಟ್ಟು ಅಜವಾನ ನೀರು ಕುಡಿಸೋದು ಬಿಟ್ಟು 108ಕ್ಕ ಫೋನ್ ಹಚ್ರಿ.

ಈಗ ಗಾದಿ ಎತ್ರಿ ಕಾಕು. ಆ ನುಣುಪು ಕಾಗದದ ಅಕ್ಷರ ವರ್ಷೊಪ್ಪತ್ತಿನ್ಯಾಗ ಮಾಸ್ತದ, ಇವತ್ತ ಝೆರಾಕ್ಸ್ ತಗಸ್ರಿ, ತಾರೀಖು ಬರದು ಫೈಲಿನ್ಯಾಗ ಹಾಕ್ರಿ.